ಚಿತ್ರ ಬರೆದವರು ಒಬ್ಬರು, ಹಕ್ಕು ಇನ್ನೊಬ್ಬರದ್ದು

2008ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಒಂದು ಅನಿಮೇಷನ್ ಸಿನಿಮಾ ಮೊದಲ ಸಲ ತೆರೆ ಕಂಡಿತು. ಹೆಸರು 'ಸೀತಾ ಸಿಂಗ್ಸ್ ದಿ ಬ್ಲೂಸ್', ಅವಧಿ 82 ನಿಮಿಷ. ಚಿತ್ರಕಥೆ, ನಿರ್ದೇಶನ, ಚಿತ್ರಗಳು, ಅವುಗಳ ಚಲನೆ, ಹೆಚ್ಚುಕಮ್ಮಿ ಎಲ್ಲವೂ ಒಬ್ಬರದ್ದೇ. ಅವರು ಅಮೆರಿಕದ ನೀನಾ ಪೇಲಿ. ಮನೆಯ ಕಂಪ್ಯೂಟರಿನಲ್ಲಿ ಕೂತು ಮಾಡಿದ ಈ ಸಿನಿಮಾಕ್ಕೆ ಅದೇ ವರ್ಷ ಫ್ರಾನ್ಸಿನ ಆನ್ಸಿ ಅನಿಮೇಷನ್ ಉತ್ಸವದಲ್ಲಿ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿಯೂ ಬಂತು. ಇಷ್ಟೆಲ್ಲ ಆದರೂ ಟಿಕೆಟ್ ಇಟ್ಟು ಅದನ್ನು ಥಿಯೇಟರಿನಲ್ಲಿ ತೋರಿಸುವ ಹಾಗಿರಲಿಲ್ಲ. ಕಾನೂನು ಅಡ್ಡ ಬರುತ್ತಿತ್ತು.

ಸ್ವತಂತ್ರ ಕಾರ್ಟೂನಿಸ್ಟ್, ಸ್ವತಂತ್ರ ಅನಿಮೇಟರ್ ಎಂದರೆ ನಮಗೆ ಥಟ್ಟನೆ ಹೊಳೆಯುವುದು ಪ್ರತಿಭೆ, ಹಠ, ಬಡತನ. ಮೂರೂ ನಿಜವೇ. ಆದರೆ ಇವರ ಬದುಕು ಎತ್ತ ತಿರುಗುತ್ತದೆ ಎಂಬುದನ್ನು ಕಡೆಗೆ ತೀರ್ಮಾನಿಸುವುದು ಒಂದು ಒಣ ಪ್ರಶ್ನೆ. ಬರೆದದ್ದು ಯಾರ ಸೊತ್ತು? ಚಿತ್ರ ಮಾಡುವ ಎಐ ಬಂದ ಮೇಲಂತೂ ಈ ಪ್ರಶ್ನೆ ಮನೆಬಾಗಿಲಿಗೇ ಬಂದು ನಿಂತಿದೆ. ಅದಕ್ಕೇ ಪೇಲಿ ಅವರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಪೇಲಿ ಮೂಲತಃ ಕಾರ್ಟೂನಿಸ್ಟ್. ಪತ್ರಿಕೆಗಳಿಗೆ ಕಾಮಿಕ್ ಸ್ಟ್ರಿಪ್ ಬರೆದುಕೊಂಡಿದ್ದವರು. ಅಮೆರಿಕದಲ್ಲಿ ಈ ವ್ಯವಹಾರ ನಡೆಯುವುದು ಸಿಂಡಿಕೇಟ್ ಮೂಲಕ. ಒಬ್ಬರು ಬರೆದ ಸ್ಟ್ರಿಪ್ಪನ್ನು ಒಂದು ಕಂಪನಿ ಹತ್ತಾರು, ಕೆಲವೊಮ್ಮೆ ನೂರಾರು ಪತ್ರಿಕೆಗಳಿಗೆ ಹಂಚುತ್ತದೆ, ಬಂದ ಹಣದಲ್ಲಿ ಪಾಲು ಹಿಡಿಯುತ್ತದೆ. ಎಷ್ಟೋ ದಶಕಗಳ ಕಾಲ ಪಾತ್ರಗಳ ಹಕ್ಕೂ ಕಂಪನಿಯ ಹೆಸರಿನಲ್ಲೇ ಇರುತ್ತಿತ್ತು. ಅನಿಮೇಷನ್ನನ್ನು ಪೇಲಿ ಆಮೇಲೆ ತಾವೇ ಕಲಿತರು. 2002ರಲ್ಲಿ ಗಂಡನಿಗೆ ತಿರುವನಂತಪುರದಲ್ಲಿ ಕೆಲಸ ಸಿಕ್ಕಿತು, ಇವರೂ ಅಲ್ಲಿಗೆ ಹೋದರು. ರಾಮಾಯಣವನ್ನು ಮೊದಲ ಸಲ ಸರಿಯಾಗಿ ಓದಿದ್ದು ಅಲ್ಲಿಯೇ. ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋಗಿದ್ದಾಗ ಗಂಡನಿಂದ ಇಮೇಲ್ ಬಂತು, ವಾಪಸ್ ಬರಬೇಡ ಅಂತ. ಸೀತೆಯ ಕಥೆ ತನ್ನದೂ ಹೌದು ಅನ್ನಿಸಿದ್ದು ಆಗ. ಸಿನಿಮಾ ಹುಟ್ಟಿದ್ದು ಹಾಗೆ.

ಪರದೇಶದವರು ರಾಮಾಯಣ ಮುಟ್ಟಿದ್ದಕ್ಕೆ ಕೆಲವು ಹಿಂದೂ ಸಂಘಟನೆಗಳು ಸಿಟ್ಟಾದವು. ಪಾಶ್ಚಾತ್ಯರಿಗೆ ನಮ್ಮ ಕಥೆ ಬಳಸುವ ಅಧಿಕಾರ ಎಲ್ಲಿಂದ ಬಂತು ಎಂದು ಕೆಲವು ವಿದ್ವಾಂಸರೂ ಕೇಳಿದರು. ಚರ್ಚೆ ಆಗಲಿ, ತಪ್ಪೇನಿಲ್ಲ. ಆದರೆ ಕಾನೂನಿನ ಕಣ್ಣಲ್ಲಿ ರಾಮಾಯಣ ಯಾರಪ್ಪನ ಆಸ್ತಿಯೂ ಅಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದು ನಮ್ಮ ಕವಿಯೊಬ್ಬ ತಮಾಷೆ ಮಾಡಿ ಶತಮಾನಗಳೇ ಕಳೆದಿವೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ತೊಗಲುಗೊಂಬೆಗಳು ಜೀವಮಾನವಿಡೀ ರಾಮಾಯಣ, ಮಹಾಭಾರತ ಆಡಿವೆ. ಅದಕ್ಕೆ ಲೈಸೆನ್ಸ್ ಕೊಡಿ ಎಂದು ಯಾರೂ ಕೇಳಿಲ್ಲ. ಪೇಲಿ ಕೂಡ ತಮ್ಮ ಸಿನಿಮಾದಲ್ಲಿ ನೆರಳುಗೊಂಬೆಗಳನ್ನು ತಂದಿದ್ದಾರೆ. ಮೂವರು ಭಾರತೀಯರು ರಾಮಾಯಣದ ಬಗ್ಗೆ ನೆನಪಿದ್ದಷ್ಟು, ತಪ್ಪುತಪ್ಪಾಗಿ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುತ್ತ ಹರಟುತ್ತಾರೆ. ಆ ಹರಟೆಗೆ ಗೊಂಬೆಗಳು ಕುಣಿಯುತ್ತವೆ. ನನ್ನ ಮಟ್ಟಿಗೆ ಸಿನಿಮಾದ ಅತ್ಯುತ್ತಮ ಭಾಗ ಅದೇ. ನಮ್ಮ ಮನೆಗಳ ಜಗುಲಿಯಲ್ಲಿ ರಾಮಾಯಣದ ಮಾತು ನಡೆಯುವುದೂ ಹೀಗೇ ಅಲ್ವಾ?

ಸಾವಿರಾರು ವರ್ಷ ಹಳೆಯ ಕಥೆಗೆ ಕಾಸು ಬೇಕಿರಲಿಲ್ಲ. ಬೇಕಿದ್ದದ್ದು ಎಂಬತ್ತು ವರ್ಷ ಹಳೆಯ ಹಾಡುಗಳಿಗೆ. ಸಿನಿಮಾದಲ್ಲಿ ಸೀತೆ ಹಾಡುವುದು 1920ರ ದಶಕದ ಅಮೆರಿಕನ್ ಗಾಯಕಿ ಆ್ಯನೆಟ್ ಹ್ಯಾನ್ಷಾ ಅವರ ಧ್ವನಿಯಲ್ಲಿ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಆ ಹಳೆಯ ಧ್ವನಿಮುದ್ರಣಗಳಿಗೆ ಆಗ ಅಮೆರಿಕದ ಕೇಂದ್ರ ಕಾಪಿರೈಟ್ ಕಾನೂನಿನ ರಕ್ಷಣೆ ಇರಲಿಲ್ಲ. ಸಾಹಿತ್ಯ, ರಾಗಕ್ಕೆ ಇತ್ತು. ಆ ಹಕ್ಕು ಹಿಡಿದಿದ್ದ ಕಂಪನಿಗಳು ಮೊದಲು ಕೇಳಿದ್ದು ಸುಮಾರು 2,20,000 ಡಾಲರ್. ಚೌಕಾಸಿಯಾಗಿ ಕೊನೆಗೆ ಸುಮಾರು 50,000 ಡಾಲರಿಗೆ ಬಂತು. ಅದಕ್ಕೂ ಸಾಲ ಮಾಡಬೇಕಾಯಿತು. ಅಷ್ಟು ಕೊಟ್ಟ ಮೇಲೂ ಮಾರುವ ಡಿವಿಡಿಗಳ ಮೇಲೆ ಬೇರೆ ಲೆಕ್ಕ, ಬೇರೆ ಷರತ್ತು.

ಪೇಲಿ ಆಗ ಸಿನಿಮಾವನ್ನೇ ಪುಕ್ಕಟೆ ಬಿಟ್ಟುಕೊಟ್ಟರು. 2009ರ ಮಾರ್ಚಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿಯಲ್ಲಿ ಇಡೀ ಸಿನಿಮಾ ಅಂತರ್ಜಾಲಕ್ಕೆ ಬಂತು. ಯಾರು ಬೇಕಾದರೂ ನೋಡಬಹುದು, ಹಂಚಬಹುದು, ತೋರಿಸಿ ದುಡ್ಡು ಮಾಡಲೂಬಹುದು. ಷರತ್ತು ಎರಡೇ: ಹೆಸರು ಹೇಳಬೇಕು, ಇದನ್ನು ಬಳಸಿ ಹೊಸದೇನಾದರೂ ಮಾಡಿದರೆ ಅದನ್ನೂ ಇದೇ ರೀತಿ ಬಿಟ್ಟುಕೊಡಬೇಕು. ಇದರ ಹಿಂದೆ ಆದರ್ಶ ಇತ್ತು, ಲೆಕ್ಕವೂ ಇತ್ತು. ಪುಕ್ಕಟೆ ಹಂಚುವ ಪ್ರಚಾರದ ಪ್ರತಿಗಳಿಗೆ ಹಾಡಿನ ಕಂಪನಿಗಳಿಗೆ ತಲಾ ಶುಲ್ಕ ಕೊಡಬೇಕಿರಲಿಲ್ಲ. ಪುಕ್ಕಟೆ ಹಂಚಿದಷ್ಟೂ ಸಿನಿಮಾ ಊರೂರಿಗೆ ಹೋಗುತ್ತದೆ. ಹಣ ಬರುವುದು ಡಿವಿಡಿ, ಟೀ ಶರ್ಟು, ದೇಣಿಗೆಗಳಿಂದ, ತಾವಾಗಿ ಪಾಲು ಕೊಡುವ ಥಿಯೇಟರುಗಳಿಂದ.

ಈ ಕಥೆಯನ್ನು ಬಹಳ ಜನ 'ಪುಕ್ಕಟೆ ಕೊಡಿ, ಉದ್ಧಾರ ಆಗುತ್ತೀರಿ' ಎಂಬ ನೀತಿಕಥೆ ಮಾಡಿಬಿಟ್ಟಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸಿನಿಮಾ ಅಷ್ಟು ಚೆನ್ನಾಗಿತ್ತು, ಪ್ರಶಸ್ತಿ ಬಂದಿತ್ತು, ಕಾಪಿರೈಟ್ ಜಗಳದಿಂದ ಸುದ್ದಿಯಾಗಿತ್ತು, ಜೊತೆಗೆ ಅಂಥ ಪ್ರಯೋಗ ಆಗ ಹೊಸದು. ಇವತ್ತು ಯೂಟ್ಯೂಬಿನಲ್ಲಿ ಎಲ್ಲರದ್ದೂ ಪುಕ್ಕಟೆಯೇ. ಬರೀ ಪುಕ್ಕಟೆ ಎನ್ನುವುದು ಈಗ ಯಾರನ್ನೂ ತಿರುಗಿ ನೋಡುವಂತೆ ಮಾಡುವುದಿಲ್ಲ. ಪೇಲಿ ತಮ್ಮ ನಿಲುವಿಗೆ ಬೆಲೆಯನ್ನೂ ತೆತ್ತರು. 2010ರಲ್ಲಿ ನೆಟ್‌ಫ್ಲಿಕ್ಸ್ ಸಿನಿಮಾ ಕೇಳಿತು. ನಕಲು ತಡೆಯುವ ಬೀಗ ಹಾಕದೆ ತೋರಿಸುವುದಿಲ್ಲ ಎಂದಾಗ ಇವರು ಆಗಲ್ಲ ಎಂದರು. ಬರಲಿದ್ದ ಹಣ ಬಿಟ್ಟರು. 2013ರಲ್ಲಿ ಇದ್ದ ಎರಡು ಷರತ್ತುಗಳನ್ನೂ ತೆಗೆದುಹಾಕಿದರು. ಅದಕ್ಕೆ ಕಾರಣ ಇನ್ನೂ ವಿಚಿತ್ರ. ಕೆನಡಾದ ಸರ್ಕಾರಿ ಚಲನಚಿತ್ರ ಸಂಸ್ಥೆಯ ಒಂದು ಕಿರುಚಿತ್ರದಲ್ಲಿ ಈ ಸಿನಿಮಾದ ಉಲ್ಲೇಖ ಬರಬೇಕಿತ್ತು. ಬಳಸಬಹುದು ಎಂದು ಲೈಸೆನ್ಸಿನಲ್ಲೇ ಇದ್ದರೂ ಅಲ್ಲಿನ ವಕೀಲರು ಸಹಿ ಹಾಕಿದ ಕಾಗದವೇ ಬೇಕು ಎಂದರು. ಇನ್ನು ಈ ಕಾಗದಪತ್ರದ ಸಹವಾಸವೇ ಸಾಕು ಅನ್ನಿಸಿತು ಅವರಿಗೆ.

ಒಂದು ತಮಾಷೆ ಇದೆ. ಅಮೆರಿಕದಲ್ಲಿ 1929ರಲ್ಲಿ ಪ್ರಕಟವಾದ ಹಾಡುಗಳ ಸಾಹಿತ್ಯ, ರಾಗ ಎರಡೂ 2025ರ ಜನವರಿ 1ರಿಂದ ಸಾರ್ವಜನಿಕ ಸೊತ್ತು. 95 ವರ್ಷ ಮುಗಿಯಿತು. ಸಿನಿಮಾದಲ್ಲಿರುವ 'ಆ್ಯಮ್ ಐ ಬ್ಲೂ', 'ಮೀನ್ ಟು ಮಿ' ಎರಡೂ ಆ ವರ್ಷದವು. ಹಾಗಾದರೆ ಇವತ್ತು ಮಾಡಿದ್ದರೆ ತೊಂದರೆ ಇರುತ್ತಿರಲಿಲ್ಲವೇ? ಇರುತ್ತಿತ್ತು. 2018ರಲ್ಲಿ ಅಮೆರಿಕ ಹೊಸ ಕಾನೂನು ತಂದು ಹಳೆಯ ಧ್ವನಿಮುದ್ರಣಗಳಿಗೂ ರಕ್ಷಣೆ ಕೊಟ್ಟಿತು. ಆ ಕಾಲದವಕ್ಕೆ 100 ವರ್ಷ. ಅಂದರೆ 1929ರ ಮುದ್ರಣಗಳು ಬಿಡುಗಡೆಯಾಗುವುದು 2030ರಲ್ಲಿ. ಅಂದು ಹಾಡು ಬೀಗದೊಳಗಿತ್ತು, ಧ್ವನಿ ಹೊರಗಿತ್ತು. ಇಂದು ಹಾಡು ಹೊರಗಿದೆ, ಧ್ವನಿಗೆ ಬೀಗ ಬಿದ್ದಿದೆ. ಒಂಟಿ ಕಲಾವಿದರಿಗೆ ಕಾನೂನಿನ ಪುಸ್ತಕ ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪೇಲಿ ದಾರಿ ಒಂದಾದರೆ ಬಿಲ್ ಪ್ಲಿಂಪ್ಟನ್ ಅವರದ್ದು ಬೇರೆ. ಅವರೂ ಪತ್ರಿಕೆಯ ಕಾರ್ಟೂನಿನಿಂದಲೇ ಅನಿಮೇಷನ್ನಿಗೆ ಬಂದವರು. ಕಾಗದ, ಪೆನ್ಸಿಲ್ ಹಿಡಿದು ಕೂತು ಒಂದೊಂದು ಚಿತ್ರವನ್ನೂ ತಾವೇ ಬರೆಯುತ್ತಾರೆ. ಇದರ ಲೆಕ್ಕ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಎಂಬತ್ತು ನಿಮಿಷದ ಸಿನಿಮಾಕ್ಕೆ 57,600. ಪ್ಲಿಂಪ್ಟನ್ ಇದನ್ನೂ ತಗ್ಗಿಸಿ, ಇನ್ನೂ ಕಡಿಮೆ ಚಿತ್ರಗಳಲ್ಲಿ ಕೆಲಸ ಮುಗಿಸುತ್ತಾರೆ. ಆ ನಡುಗುವ ಗೆರೆಯೇ ಅವರ ಗುರುತು. ಚಿತ್ರ ಚಿಕ್ಕದಿರಲಿ, ಅಗ್ಗವಿರಲಿ, ನಗಿಸಲಿ ಎನ್ನುವುದು ಅವರ ಮೂರು ಸೂತ್ರ. 1992ರ ಮೊದಲ ಪೂರ್ಣಾವಧಿ ಸಿನಿಮಾಕ್ಕೆ ದುಡ್ಡು ಹೊಂದಿಸಲು ಅದರ ತುಂಡುಗಳನ್ನೇ ಕಿರುಚಿತ್ರಗಳಾಗಿ ಮೊದಲೇ ಬಿಟ್ಟರು. ಡಿಸ್ನಿಯವರು ಕೆಲಸಕ್ಕೆ ಕರೆದಿದ್ದರಂತೆ. ಅಲ್ಲಿರುವಷ್ಟು ದಿನ ತಲೆಯಲ್ಲಿ ಹೊಳೆದದ್ದೆಲ್ಲ ಕಂಪನಿಯದ್ದು ಎಂದು ಗೊತ್ತಾದ ಮೇಲೆ ಹೋಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಡಾನ್ ಹರ್ಟ್ಸ್‌ಫೆಲ್ಟ್ ಎಂಬ ಇನ್ನೊಬ್ಬರಿದ್ದಾರೆ. ಕಡ್ಡಿಗೊಂಬೆಯಂಥ ಪಾತ್ರಗಳನ್ನು ಬರೆದು ಎರಡು ಸಲ ಆಸ್ಕರ್ ನಾಮನಿರ್ದೇಶನ ಪಡೆದವರು. ಜಾಹೀರಾತು ಮಾಡುವುದಿಲ್ಲ ಎಂದು ಕೂತಿದ್ದಾರೆ. ತಮ್ಮ ಸಿನಿಮಾಗಳನ್ನು ನೇರವಾಗಿ ನೋಡುಗರಿಗೇ ಮಾರುತ್ತಾರೆ.

ಒಬ್ಬರು ಹಕ್ಕನ್ನು ಬಿಟ್ಟುಕೊಟ್ಟರು, ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಮೂವರಲ್ಲೂ ತೀರ್ಮಾನ ಬರೆದವರದ್ದೇ ಆಗಿತ್ತು. ಅಷ್ಟು ಸಾಕು ಎನ್ನುತ್ತೇನೆ ನಾನು.

ಸಲಕರಣೆಗಳ ಮಾತಿಗೆ ಬಂದರೆ, ಆ ಜಗಳ ಬಹುಮಟ್ಟಿಗೆ ಮುಗಿದಿದೆ. 2025ರ ಮಾರ್ಚಿನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದದ್ದು ಲಾಟ್ವಿಯಾದ 'ಫ್ಲೋ'. ಆ ದೇಶಕ್ಕೆ ಅದೇ ಮೊದಲ ಆಸ್ಕರ್. ಖರ್ಚು ಸುಮಾರು 35 ಲಕ್ಷ ಯೂರೋ, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ಮಾಡಿದ್ದು ಬ್ಲೆಂಡರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ. ಕೋಲಾರದ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪಿಗೆ ಇವತ್ತು ಸಂಜೆ ಅದನ್ನೇ ಇಳಿಸಿಕೊಳ್ಳಬಹುದು. ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಅದಕ್ಕೂ ಮೊದಲು 2019ರಲ್ಲಿ ಒಂದು ಪೂರ್ತಿ ಸಿನಿಮಾವನ್ನು ಒಬ್ಬರೇ ಮಾಡಿದ್ದರು, ಸಂಗೀತವನ್ನೂ ಸೇರಿಸಿ. ಬ್ಲೆಂಡರ್ ಕೂಡ ಮೊದಲು ಕಂಪನಿಯ ಸೊತ್ತಾಗಿತ್ತು. 2002ರಲ್ಲಿ ಅದನ್ನು ಬಳಸುವವರೇ ಚಂದಾ ಎತ್ತಿ 1,00,000 ಯೂರೋ ಕೊಟ್ಟು ಬಿಡಿಸಿಕೊಂಡರು.

ಆದರೆ 'ಫ್ಲೋ' ಗೆದ್ದಾಗ ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನ ಬಗ್ಗೆ ಮಾತ್ರ ಬರೆದರು. ಆ ಸಿನಿಮಾಕ್ಕೆ ಐದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟು ಕಾಲ ಅನ್ನ ಹಾಕಿದ್ದು ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂಗಳ ಸಾರ್ವಜನಿಕ ನಿಧಿಗಳು. ಪೆನ್ಸಿಲ್ ಅಗ್ಗವಾಯಿತು, ಕಂಪ್ಯೂಟರ್ ಅಗ್ಗವಾಯಿತು. ಐದು ವರ್ಷದ ಮನೆ ಬಾಡಿಗೆ ಅಗ್ಗವಾಗಲಿಲ್ಲ.

ಬೆಂಗಳೂರಿನ ಕಥೆ ಇಲ್ಲಿ ಸೇರಿಕೊಳ್ಳುತ್ತದೆ. ಅನಿಮೇಷನ್, ವಿಎಫ್ಎಕ್ಸ್ (ಕಂಪ್ಯೂಟರಿನಲ್ಲಿ ಕಟ್ಟುವ ದೃಶ್ಯಗಳು), ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. ಈಗ 2024ರಿಂದ 2029ರವರೆಗಿನ ಹೊಸ ನೀತಿ ಇದೆ. ಹಾಲಿವುಡ್ಡಿನ ದೊಡ್ಡ ದೊಡ್ಡ ಸಿನಿಮಾಗಳ ಎಷ್ಟೋ ದೃಶ್ಯಗಳಿಗೆ ಕೊನೆಯ ರೂಪ ಸಿಕ್ಕಿದ್ದು ನಮ್ಮ ವೈಟ್‌ಫೀಲ್ಡ್ ಕಡೆಯ ಕಟ್ಟಡಗಳಲ್ಲಿ. ಆದರೂ ಆ ಸಿನಿಮಾಗಳಲ್ಲಿ ಒಂದು ಪಾತ್ರವಾದರೂ ಇಲ್ಲಿನವರ ಸೊತ್ತೇ? ಕೆಲಸ ನಮ್ಮದು, ಸೊತ್ತು ಅವರದ್ದು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ವಿಎಫ್ಎಕ್ಸ್ ಕಂಪನಿ ಟೆಕ್ನಿಕಲರ್ ಸಮೂಹ ದಿವಾಳಿಯಾದಾಗ ಬೆಂಗಳೂರು, ಮುಂಬೈಗಳ ಸಾವಿರಾರು ಜನ ಇದ್ದಕ್ಕಿದ್ದಂತೆ ಬೀದಿಗೆ ಬಿದ್ದರು. ಪ್ಯಾರಿಸ್ಸಿನ ಆಫೀಸಿನ ಸಾಲ ಮಾರತ್ತಹಳ್ಳಿಯ ಇಎಂಐ ಮೇಲೆ ಬಂದು ಕೂತಿತು. ಇಂಥ ಕಡೆ ವರ್ಷಗಟ್ಟಲೆ ದುಡಿದವರಿಗೆ ತಾವು ಮಾಡಿದ ದೃಶ್ಯವನ್ನು ಬೇರೆಡೆ ಕೆಲಸ ಕೇಳಲು ತೋರಿಸುವುದಕ್ಕೂ ಗೋಪ್ಯತೆಯ ಒಪ್ಪಂದ ಅಡ್ಡ ಬರುವುದುಂಟು.

ಸರ್ಕಾರದ ನೀತಿಗಳನ್ನು ಓದಿದರೆ ಉದ್ಯೋಗ, ರಫ್ತು, ಕೌಶಲ್ಯ ಎಂಬ ಮಾತುಗಳೇ ಜಾಸ್ತಿ. ಅವು ಬೇಡ ಎನ್ನುವಂತಿಲ್ಲ, ಸಂಬಳದಿಂದಲೇ ಮನೆ ನಡೆಯುವುದು. ಆದರೆ ಒಬ್ಬರೇ ಕೂತು ಕನ್ನಡದಲ್ಲಿ ಹದಿನೈದು ನಿಮಿಷದ ಸಿನಿಮಾ ಮಾಡಹೊರಟವರಿಗೆ ಎರಡು ವರ್ಷದ ಊಟ, ಬಾಡಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ನೂರು ಕಂಪ್ಯೂಟರಿನ ಲ್ಯಾಬ್ ಕಟ್ಟಿಸುವ ಹಣದಲ್ಲಿ ಎಷ್ಟು ಜನರಿಗೆ ಹಾಗೆ ಬಿಡುವು ಕೊಡಬಹುದು, ಸುಮ್ನೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಪತ್ರಿಕೆಯ ಕಾರ್ಟೂನಿಸ್ಟರ ಪಾಡೂ ಇದೇ. ನ್ಯೂಯಾರ್ಕ್ ಟೈಮ್ಸ್ 2019ರಲ್ಲಿ ತನ್ನ ಅಂತರರಾಷ್ಟ್ರೀಯ ಆವೃತ್ತಿಯಿಂದ ರಾಜಕೀಯ ಕಾರ್ಟೂನನ್ನೇ ತೆಗೆದುಹಾಕಿತು. ವಾಷಿಂಗ್ಟನ್ ಪೋಸ್ಟಿನ ಆ್ಯನ್ ಟೆಲ್ನೇಸ್ 2025ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಪತ್ರಿಕೆಯ ಮಾಲೀಕರೂ ಸೇರಿ ಶ್ರೀಮಂತರೆಲ್ಲ ಟ್ರಂಪ್ ಮುಂದೆ ಮಂಡಿಯೂರಿದ್ದನ್ನು ಬರೆದಿದ್ದರು, ಅದನ್ನು ಪತ್ರಿಕೆ ಹಾಕಲಿಲ್ಲ. ಆ ಚಿತ್ರವನ್ನು ತಾವೇ ಪ್ರಕಟಿಸಿದರು. ಮೇ ತಿಂಗಳಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಅವರಿಗೇ ಬಂತು. ನಮ್ಮ ಕುಂದಾಪುರದ ಸತೀಶ್ ಆಚಾರ್ಯ ಅವರದ್ದು ಇದಕ್ಕಿಂತ ಏಳು ವರ್ಷ ಹಿಂದಿನ ಕಥೆ. 2018ರಲ್ಲಿ ದೆಹಲಿಯ ಇಂಗ್ಲಿಷ್ ಪತ್ರಿಕೆಯೊಂದು ಅವರ ಕಾರ್ಟೂನನ್ನು ತಿರಸ್ಕರಿಸಿತು, ಅಂಕಣವೂ ನಿಂತಿತು. ಕಾರ್ಟೂನನ್ನು ಅವರು ಜನರ ಮುಂದಿಟ್ಟರು. ಅಚ್ಚಾಗಿದ್ದರೆ ನೋಡುತ್ತಿದ್ದವರಿಗಿಂತ ಜಾಸ್ತಿ ಜನ ನೋಡಿರಬೇಕು. ಕುಂದಾಪುರದಲ್ಲೇ ಕೂತು ದೇಶಕ್ಕೆಲ್ಲ ಬರೆಯಬಹುದು ಎಂದು ತೋರಿಸಿದವರು ಅವರು, ಅಲ್ಲಿ ಕಾರ್ಟೂನು ಹಬ್ಬವನ್ನೂ ನಡೆಸುತ್ತಾರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಒಂದು ಕಾಲದಲ್ಲಿ ಕನ್ನಡದ ಹಾಸ್ಯ ಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆಯುತ್ತಿದ್ದರು. ಆಮೇಲೆ ಒಂದೇ ಪತ್ರಿಕೆಯಲ್ಲಿ ದಶಕಗಟ್ಟಲೆ ನೆಲೆ ನಿಂತರು. ಅಂಥ ಖಾಯಂ ಕುರ್ಚಿ ಇವತ್ತಿನ ಹುಡುಗರಿಗೆ ಸಿಗುವುದು ಕಷ್ಟ. ಕುರ್ಚಿ ಇಲ್ಲದ ಮೇಲೆ ಹಕ್ಕಾದರೂ ಕೈಯಲ್ಲಿರಬೇಕು.

ಈಗ ಎಐ. 2025ರ ಮಾರ್ಚಿನಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೆಲ್ಲ ಮದುವೆ ಫೋಟೋಗಳು ಜಪಾನಿನ ಅನಿಮೇಷನ್ ಸ್ಟುಡಿಯೋ ಜಿಬ್ಲಿಯ ಶೈಲಿಗೆ ತಿರುಗಿದ್ದು ನೆನಪಿರಬಹುದು. ಶೈಲಿಗೆ ಕಾಪಿರೈಟ್ ಇಲ್ಲ, ಇರಲೂಬಾರದು. ಇದ್ದಿದ್ದರೆ ಯಾವ ಶಿಷ್ಯನೂ ಗುರುವಿನ ಹಾಗೆ ಗೆರೆ ಎಳೆಯುವಂತಿರಲಿಲ್ಲ. ಜಗಳ ಇರುವುದು ಅದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಯಂತ್ರಕ್ಕೆ ಕಲಿಸಲು ಯಾರ ಚಿತ್ರಗಳನ್ನು ತೆಗೆದುಕೊಂಡರು, ಕೇಳಿ ತೆಗೆದುಕೊಂಡರೇ? ಇದನ್ನು ಕೋರ್ಟಿನಲ್ಲಿ ಮೊದಲು ಎತ್ತಿದವರಲ್ಲಿ ಒಬ್ಬರು ಸಾರಾ ಆ್ಯಂಡರ್ಸನ್, ಅಂತರ್ಜಾಲದಲ್ಲಿ ತಮ್ಮದೇ ಕಾಮಿಕ್ ಬರೆದು ಹೆಸರಾದ ಕಾರ್ಟೂನಿಸ್ಟ್. 2023ರ ಜನವರಿಯಲ್ಲಿ ಇನ್ನಿಬ್ಬರು ಕಲಾವಿದರ ಜೊತೆ ಚಿತ್ರ ಮಾಡುವ ಎಐ ಕಂಪನಿಗಳ ವಿರುದ್ಧ ದಾವೆ ಹೂಡಿದರು. 2024ರ ಆಗಸ್ಟಿನಲ್ಲಿ ನ್ಯಾಯಾಧೀಶರು ಕಾಪಿರೈಟ್ ಆರೋಪಗಳು ವಿಚಾರಣೆಗೆ ಯೋಗ್ಯ ಎಂದರು. ಡಿಸ್ನಿ, ಯೂನಿವರ್ಸಲ್ ಕಂಪನಿಗಳು ಚಿತ್ರ ಮಾಡುವ ಎಐ ಕಂಪನಿ ಮಿಡ್‌ಜರ್ನಿ ವಿರುದ್ಧ ಕೋರ್ಟಿಗೆ ಹೋದದ್ದು 2025ರ ಜೂನಿನಲ್ಲಿ. ಒಂಟಿ ಕಲಾವಿದರು ಈ ದೊಡ್ಡ ಸ್ಟುಡಿಯೋಗಳಿಗಿಂತ ಸುಮಾರು ಎರಡೂವರೆ ವರ್ಷ ಮೊದಲೇ ಎದ್ದಿದ್ದರು.

ಎಐ ಬಂದರೆ ಒಬ್ಬರೇ ಸಿನಿಮಾ ಮಾಡುವುದು ಸುಲಭ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಒಂದು ಮಟ್ಟಿಗೆ ಹೌದು. ಎರಡು ಮುಖ್ಯ ಚಿತ್ರಗಳ ನಡುವೆ ಬೇಕಾಗುವ ಚಿತ್ರಗಳು, ಬಣ್ಣ ತುಂಬುವುದು, ಬೇಸರದ ಕೆಲಸಗಳು ಕಡಿಮೆಯಾಗಬಹುದು. ಆದರೆ ಪೂರ್ತಿ ಯಂತ್ರವೇ ಮಾಡಿದ ಚಿತ್ರಕ್ಕೆ ಕಾಪಿರೈಟ್ ಇಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿ ಹೇಳಿದೆ. ಸುಲಭವಾಗಿ ಸಿಕ್ಕಿದ್ದು ನಿಮ್ಮದಾಗಿ ಉಳಿಯುವುದಿಲ್ಲ. ಇನ್ನೊಂದು ಹೊಡೆತ ಕಣ್ಣಿಗೆ ಬೀಳದಂಥದ್ದು. ಸ್ವತಂತ್ರ ಕಲಾವಿದರ ಮನೆ ನಡೆಸುತ್ತಿದ್ದದ್ದು ಅವರ ದೊಡ್ಡ ಕನಸಿನ ಸಿನಿಮಾ ಅಲ್ಲ. ಪುಸ್ತಕದ ಮುಖಪುಟ, ಪಠ್ಯಪುಸ್ತಕದ ಚಿತ್ರ, ಸಣ್ಣ ಜಾಹೀರಾತು, ಮದುವೆ ಕಾರ್ಡು. ಎಐ ಮೊದಲು ನುಂಗುತ್ತಿರುವುದು ಈ ಚಿಲ್ಲರೆ ಕೆಲಸಗಳನ್ನೇ.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕಾಪಿರೈಟ್ ಕಾಯ್ದೆ ಕಲಾವಿದರು ಅಂದುಕೊಂಡಿರುವುದಕ್ಕಿಂತ ಅವರ ಪರ ಇದೆ. 17ನೇ ಸೆಕ್ಷನ್ ಪ್ರಕಾರ, ಸ್ಟುಡಿಯೋದಲ್ಲಿ ನೌಕರಿಯ ಭಾಗವಾಗಿ ಮಾಡಿದ್ದು ಮಾಲೀಕರದ್ದು. ಹಣ ಕೊಟ್ಟು ಮಾಡಿಸಿಕೊಂಡ ಸಿನಿಮಾ, ಫೋಟೋ, ಪೇಂಟಿಂಗ್, ಭಾವಚಿತ್ರ ಮಾಡಿಸಿಕೊಂಡವರದ್ದು. ಆದರೆ ಪತ್ರಿಕೆಯ ನೌಕರರಾಗಿ ಬರೆದ ಕೃತಿಗೆ ಬೇರೆ ನಿಯಮ. ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದ್ದು, ಉಳಿದದ್ದೆಲ್ಲ ಬರೆದವರದ್ದು. ಈ ಮೂರೂ ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ. 19ನೇ ಸೆಕ್ಷನ್ ಇನ್ನೂ ಉಪಯೋಗದ್ದು. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಫೋನಿನಲ್ಲಿ 'ಒಂದು ಕಾರ್ಟೂನು ಕಳಿಸಿ ಮಾರಾಯ್ರೆ' ಎಂದು ಹೇಳಿ ತರಿಸಿಕೊಂಡವರಿಗೆ ನಿಮ್ಮ ಪೂರ್ತಿ ಹಕ್ಕು ಹೋಗಿದೆ ಎಂದು ಸುಮ್ಮನಾಗಬೇಕಿಲ್ಲ. ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳಲು 57ನೇ ಸೆಕ್ಷನ್ ಇದೆ.

2012ರ ತಿದ್ದುಪಡಿಯಲ್ಲಿ ಒಂದು ಸಾಲು ಸೇರಿತು. ಆಗ ಅದನ್ನು ಕಾರ್ಟೂನಿಸ್ಟರು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಹಕ್ಕು ವರ್ಗಾಯಿಸಿದ ದಿನ ಇಲ್ಲದಿದ್ದ ಅಥವಾ ವ್ಯಾಪಾರಕ್ಕೆ ಬಳಕೆಯಲ್ಲಿರದ ಮಾಧ್ಯಮಕ್ಕೆ, ಬಳಕೆಯ ವಿಧಾನಕ್ಕೆ ಆ ವರ್ಗಾವಣೆ ಅನ್ವಯಿಸುವುದಿಲ್ಲ, ಕಾಗದದಲ್ಲಿ ಅದರ ಹೆಸರು ಹೇಳಿದ್ದರೆ ಮಾತ್ರ ಅನ್ವಯ. ಹತ್ತು ವರ್ಷದ ಹಿಂದೆ ಪ್ರಕಾಶಕರಿಗೆ ಕೊಟ್ಟ ಚಿತ್ರಗಳನ್ನು ಇವತ್ತು ಎಐಗೆ ಉಣಿಸಬಹುದೇ ಎಂಬ ಪ್ರಶ್ನೆ ಬಂದರೆ ಈ ಸಾಲಿನ ಮೇಲೆ ವಾದ ಮಾಡಲು ಜಾಗವಿದೆ. ಇದು ಕಂಪನಿಗಳ ವಕೀಲರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಈಗಿನ ಒಪ್ಪಂದಗಳಲ್ಲಿ 'ಇಂದು ಇರುವ ಹಾಗೂ ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ' ಎಂದು ಸೇರಿಸಿರುತ್ತಾರೆ. ಕಾಂಟ್ರಾಕ್ಟ್ ಕೈಗೆ ಬಂದಾಗ ಮೊತ್ತ ಎಷ್ಟು ಎಂದು ನೋಡುವುದಕ್ಕೂ ಮೊದಲು ಹುಡುಕಬೇಕಾದ ಸಾಲು ಅದು. ತೆಗೆಯಿರಿ ಎಂದರೆ ಎಲ್ಲರೂ ಒಪ್ಪುವುದಿಲ್ಲ. ಒಪ್ಪದಿದ್ದರೆ, ಆ ಒಂದು ಸಾಲಿಗೆ ಬೇರೆಯಾಗಿ ಎಷ್ಟು ಕೊಡುತ್ತೀರಿ ಎಂದು ಕೇಳಿ. ಕೇಳುವುದಕ್ಕೆ ಲೈಸೆನ್ಸ್ ಬೇಕಿಲ್ಲ.